ಹಳೇ ರೇಟು ಅಳಿಸಬೇಡ

ತಿಪಟೂರಿನಲ್ಲಿ ನಮ್ಮದೊಂದು ಕಿರಾಣಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. 2021ರಲ್ಲಿ ಆಫೀಸಿನವರು ಇನ್ನೂ ಮನೆಯಿಂದಲೇ ಕೆಲಸ ಮಾಡಿ ಅನ್ನುತ್ತಿದ್ದರಿಂದ ನಾನು ಮಹಡಿ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿರುತ್ತಿದ್ದೆ. ಕೆಳಗೆ ಅಪ್ಪ ಬೆಲ್ಲ, ತೊಗರಿಬೇಳೆ ತೂಗುತ್ತಿದ್ದರೆ ಮೇಲೆ ನಾನು ಅಮೆರಿಕದ ಡಾಕ್ಟರುಗಳ ಬಿಲ್ ತಯಾರಿಸುವ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದೆ. "ನಿಮ್ಮ ಮಗ ಏನು ಕೆಲಸ ಮಾಡ್ತಾನೆ?" ಅಂತ ಗಿರಾಕಿಗಳು ಕೇಳಿದರೆ ಅಪ್ಪನದು ಒಂದೇ ಉತ್ತರ: "ಅವನೂ ಲೆಕ್ಕ ಬರೆಯೋದೇ. ನಾನು ರೂಪಾಯಲ್ಲಿ ಬರೀತೀನಿ, ಅವನು ಡಾಲರಲ್ಲಿ ಬರೀತಾನೆ."

ನನಗೆ ಸ್ವಲ್ಪ ಸಿಟ್ಟೇ ಬರುತ್ತಿತ್ತು. ಇಂಜಿನಿಯರಿಂಗ್ ಓದಿ ಬಂದವನನ್ನು ಲೆಕ್ಕ ಬರೆಯೋನು ಅನ್ನೋದೇ? ಆದರೆ ಆ ವರ್ಷದ ಅಕ್ಟೋಬರಿನಲ್ಲಿ ನಾನೊಂದು ತಪ್ಪು ಮಾಡಿದೆ. ಅದಾದ ಮೇಲೆ ಅಪ್ಪ ಹೇಳುತ್ತಿದ್ದದ್ದು ಅಕ್ಷರಶಃ ನಿಜ ಅಂತ ಗೊತ್ತಾಯಿತು. ಆ ತಪ್ಪಿನ ಕಥೆ ಹೇಳುವ ಮೊದಲು, ಅಲ್ಲಿನ ಬಿಲ್ ಹೇಗೆ ತಯಾರಾಗುತ್ತೆ ಅಂತ ಹೇಳಿಬಿಡುತ್ತೇನೆ. ನಿಮ್ಮ ಮನೆಯವರು ಯಾರಾದರೂ ಅಮೆರಿಕದಲ್ಲಿದ್ದರೆ ಇದು ಉಪಯೋಗಕ್ಕೂ ಬರಬಹುದು.

ಬೆನ್ನುನೋವಿಗೂ ಒಂದು ನಂಬರು

ನಮ್ಮೂರಲ್ಲಿ ಡಾಕ್ಟರ ಹತ್ತಿರ ಹೋದರೆ ಔಷಧಿ ಚೀಟಿ ಇಸ್ಕೊಂಡು ಫೀಸು ಕೊಟ್ಟು ಬರುತ್ತೇವೆ. ಅಲ್ಲಿ ಸಾಮಾನ್ಯವಾಗಿ ರೋಗಿ ಒಂದು ಸಣ್ಣ ಪಾಲು ಕೊಡುತ್ತಾನೆ, ಉಳಿದದ್ದನ್ನು ಡಾಕ್ಟರು ಇನ್ಶೂರೆನ್ಸ್ ಕಂಪನಿಯಿಂದ ವಸೂಲಿ ಮಾಡಿಕೊಳ್ಳಬೇಕು. ಹಾಗೆ ಕೇಳುವ ಅರ್ಜಿಗೆ ಕ್ಲೈಮ್ ಅಂತಾರೆ. ಕ್ಲೈಮಿನಲ್ಲಿ "ಅಜ್ಜಿಗೆ ಸೊಂಟನೋವು ಇತ್ತು, ನೋಡಿ ಔಷಧಿ ಕೊಟ್ಟೆ" ಅಂತ ಬರೆದರೆ ಯಾರೂ ಓದಲ್ಲ. ಎಲ್ಲವೂ ಕೋಡ್‌ಗಳಲ್ಲೇ ಇರಬೇಕು.

ಮುಖ್ಯವಾಗಿ ಎರಡು ಪ್ರಶ್ನೆ. ಏನು ಕಾಯಿಲೆ? ಅದಕ್ಕೆ ಡಾಕ್ಟರು ಏನು ಮಾಡಿದರು?

ಕಾಯಿಲೆಯ ಕೋಡಿಗೆ ಐಸಿಡಿ ಅಂತ ಹೆಸರು. ವಿಶ್ವ ಆರೋಗ್ಯ ಸಂಸ್ಥೆ ನೋಡಿಕೊಳ್ಳುವ ಪಟ್ಟಿ ಇದು. ಇದರ ಮೂಲ 19ನೇ ಶತಮಾನದ ಕೊನೆಯಲ್ಲಿ ಸಾವಿನ ಕಾರಣಗಳನ್ನು ಎಣಿಸಲು ಮಾಡಿದ ಪಟ್ಟಿಯಲ್ಲಿದೆ. ಅಮೆರಿಕದವರು ಇದಕ್ಕೆ ತಮ್ಮದೇ ವಿವರ ಸೇರಿಸಿಕೊಂಡಿದ್ದಾರೆ. 2015ರ ಅಕ್ಟೋಬರ್ 1ರಂದು ಅವರು ಒಂಬತ್ತನೇ ಆವೃತ್ತಿಯಿಂದ ಹತ್ತಕ್ಕೆ ಬದಲಾದಾಗ, ಸುಮಾರು 14 ಸಾವಿರ ಇದ್ದ ಕಾಯಿಲೆ ಕೋಡ್‌ಗಳು 68 ಸಾವಿರ ದಾಟಿದವು. ಬಿ.ಪಿ.ಗೆ ಐ 10. ಸಕ್ಕರೆ ಕಾಯಿಲೆಗೆ, ಬೇರೆ ತೊಡಕಿಲ್ಲದಿದ್ದರೆ, ಇ 11.9. ಹಸು ಗುದ್ದಿ ಪೆಟ್ಟಾದರೆ ಡಬ್ಲ್ಯೂ 55.22, ಹಸು ಕಚ್ಚಿದರೆ ಡಬ್ಲ್ಯೂ 55.21. ಇದನ್ನು ಅಮ್ಮನಿಗೆ ಹೇಳಿದಾಗ, "ಹಸು ಕಚ್ಚೋದು ಎಲ್ಲಾದ್ರೂ ಉಂಟೇನೋ?" ಅಂತ ನಕ್ಕಿದ್ದಳು.

ಡಾಕ್ಟರು ಮಾಡಿದ ಕೆಲಸದ ಕೋಡಿಗೆ ಸಿಪಿಟಿ ಅಂತಾರೆ. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1966ರಲ್ಲಿ ಮೊದಲು ಪ್ರಕಟಿಸಿದ ಪಟ್ಟಿ ಇದು. ಹೆಚ್ಚಿನವು ಐದು ಅಂಕಿಯ ಕೋಡ್‌ಗಳು. ಹಳೇ ರೋಗಿ ಬಂದು ಸಾಧಾರಣ ತಪಾಸಣೆ ಮಾಡಿಸಿಕೊಂಡು ಹೋದರೆ 99213, ಸ್ವಲ್ಪ ಜಟಿಲವಾಗಿದ್ದರೆ 99214. ಕೊನೆಯ ಒಂದು ಅಂಕಿ ಬದಲಾದರೆ ದುಡ್ಡೂ ಬದಲಾಗುತ್ತೆ. ಆಂಬುಲೆನ್ಸ್, ಗಾಲಿಕುರ್ಚಿ, ಕೆಲವು ಇಂಜೆಕ್ಷನ್‌ಗಳಿಗೆ ಇನ್ನೊಂದು ಪಟ್ಟಿಯೇ ಇದೆ.

ಯಾರು ದುಡ್ಡು ಕೊಡಬೇಕು ಅನ್ನೋದನ್ನೂ ಕೋಡೇ ತೀರ್ಮಾನಿಸುತ್ತೆ. 2010ರಲ್ಲಿ ಬಂದ ಕಾನೂನಿನ ಪ್ರಕಾರ ಬಹುತೇಕ ಇನ್ಶೂರೆನ್ಸ್‌ಗಳಲ್ಲಿ, ಅವರ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಹೋದರೆ, ವಾರ್ಷಿಕ ಆರೋಗ್ಯ ತಪಾಸಣೆಗೆ ರೋಗಿ ಏನೂ ಕೊಡಬೇಕಿಲ್ಲ. ಆದರೆ ಅದೇ ದಿನ "ಮಂಡಿನೋವು ಇದೆ ಡಾಕ್ಟ್ರೇ" ಅಂದು ಅವರು ಅದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಿದರೆ, ಅದಕ್ಕೆ ಬೇರೆ ಕೋಡ್, ಬೇರೆ ಬಿಲ್. "ಫ್ರೀ ಅಂದಿದ್ರು, ಈಗ ಬಿಲ್ ಬಂತಲ್ಲ" ಅಂತ ಗೆಳೆಯರು ಅಲ್ಲಿಂದ ಫೋನ್ ಮಾಡಿ ಗೊಣಗುವುದರ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತೆ.

ಒಂದೇ ಕಂಪನಿಗೆ ಹತ್ತು ಹೆಸರು

ಕೋಡ್‌ಗಳದ್ದು ಒಂದು ಪಟ್ಟಿಯಾದರೆ ಇನ್ಶೂರೆನ್ಸ್‌ನವರದ್ದು ಇನ್ನೊಂದು. ಸಣ್ಣ ಕ್ಲಿನಿಕ್ ಒಂದರ ಸಾಫ್ಟ್‌ವೇರ್ ತೆಗೆದು ನೋಡಿದರೂ ಅದರಲ್ಲಿ ನೂರಾರು ಇನ್ಶೂರೆನ್ಸ್ ಹೆಸರು ಸಿಗುತ್ತವೆ. ಅದರಲ್ಲಿ ಅರ್ಧದಷ್ಟು ನಕಲು. ಫ್ರಂಟ್ ಡೆಸ್ಕಿನಲ್ಲಿ ಕೂತವರು ಅವಸರದಲ್ಲಿ ಒಮ್ಮೆ ಪೂರ್ತಿ ಹೆಸರು, ಒಮ್ಮೆ ಹೆಸರಿನ ಮೊದಲಕ್ಷರಗಳು, ಇನ್ನೊಮ್ಮೆ ತಪ್ಪು ಕಾಗುಣಿತ ಹಾಕಿ ಹೊಸದಾಗಿ ಸೇರಿಸಿರುತ್ತಾರೆ. ಬ್ಲೂ ಕ್ರಾಸ್ ಬ್ಲೂ ಶೀಲ್ಡ್ ಅಂದರೆ ನೋಡುವವರಿಗೆ ಒಂದೇ ಕಂಪನಿ. ನಿಜಕ್ಕೂ ಅದು ಬೇರೆ ಬೇರೆ ಪ್ರದೇಶಗಳ ಸ್ವತಂತ್ರ ಕಂಪನಿಗಳ ಒಕ್ಕೂಟ. ಹಾಗಾಗಿ ಕಂಪ್ಯೂಟರ್ ಹೆಸರನ್ನು ನಂಬಲ್ಲ. ಪ್ರತಿ ಇನ್ಶೂರೆನ್ಸಿಗೂ ಒಂದು ಪೇಯರ್ ಐಡಿ ಇರುತ್ತೆ, ಕ್ಲೈಮ್ ಹೋಗೋದು ಆ ಐಡಿಗೆ. ಹೆಸರು ಸರಿ ಇದ್ದು ಐಡಿ ತಪ್ಪಿದರೆ ಕ್ಲೈಮ್ ಬೇರೆಯವರ ಮನೆ ಬಾಗಿಲು ತಟ್ಟುತ್ತೆ.

ರೋಗಿಯ ಕಾರ್ಡ್ ನಂಬರ್ ಟೈಪ್ ಮಾಡುವಾಗಲೂ ಹೀಗೇ. 65 ದಾಟಿದವರಿಗೆ ಸರ್ಕಾರದ ಮೆಡಿಕೇರ್ ಇರುತ್ತೆ. ಅದರ ಕಾರ್ಡಿನಲ್ಲಿ ಅಂಕಿ, ಅಕ್ಷರ ಸೇರಿ 11 ಇರುತ್ತವೆ. ಎಸ್, ಎಲ್, ಓ, ಐ, ಬಿ, ಝಡ್ ಈ ಆರು ಇಂಗ್ಲಿಷ್ ಅಕ್ಷರಗಳನ್ನು ಅದರಲ್ಲಿ ಬಳಸುವುದೇ ಇಲ್ಲ. ಅವು 5, 1, 0, 8, 2 ಅಂಕಿಗಳ ಥರ ಕಂಡು ಗೊಂದಲ ಆಗುತ್ತೆ ಅಂತ. ನಾನು ಈ ಕೆಲಸಕ್ಕೆ ಸೇರಿದಾಗ ಇಷ್ಟವಾದ ಮೊದಲ ವಿಷಯ ಇದು. ಯಾರೋ ಪುಣ್ಯಾತ್ಮರು ಕೂತು, ಕಾರ್ಡ್ ನೋಡಿ ಟೈಪ್ ಮಾಡುವವರ ಕಷ್ಟ ಯೋಚಿಸಿದ್ದಾರಲ್ಲ ಅನ್ನಿಸಿತ್ತು.

ಮಗುವಿಗೆ ಅಪ್ಪನ ಇನ್ಶೂರೆನ್ಸೂ ಇದ್ದು ಅಮ್ಮನದೂ ಇದ್ದರೆ ಮೊದಲು ಯಾರದು? ಅಲ್ಲಿ ಸಾಮಾನ್ಯವಾಗಿ ಹುಟ್ಟುಹಬ್ಬದ ನಿಯಮ ನಡೆಯುತ್ತೆ. ವರ್ಷದಲ್ಲಿ ಯಾರ ಹುಟ್ಟುಹಬ್ಬ ಮೊದಲು ಬರುತ್ತೋ ಅವರ ಇನ್ಶೂರೆನ್ಸ್ ಮೊದಲು. ಯಾರು ದೊಡ್ಡವರು ಅನ್ನೋದು ಲೆಕ್ಕಕ್ಕಿಲ್ಲ. ಮಾರ್ಚಿನಲ್ಲಿ ಹುಟ್ಟಿದ ಅಮ್ಮ, ಆಗಸ್ಟಿನಲ್ಲಿ ಹುಟ್ಟಿದ ಅಪ್ಪ ಇದ್ದರೆ ಅಮ್ಮನದೇ ಮೊದಲು. ಈ ಕ್ರಮ ತಿರುಗುಮುರುಗಾದರೆ ಕ್ಲೈಮ್ ವಾಪಸ್.

ಅಕ್ಟೋಬರ್ 1ರ ಬೆಳಿಗ್ಗೆ

ಈಗ ನನ್ನ ತಪ್ಪಿಗೆ ಬರುತ್ತೇನೆ. ಐಸಿಡಿ ಪಟ್ಟಿ ಅಲ್ಲಿ ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ಬದಲಾಗುತ್ತೆ. ಸಿಪಿಟಿ ಬದಲಾಗೋದು ಜನವರಿ 1ಕ್ಕೆ. ಹೊಸ ಕೋಡ್ ಸೇರುತ್ತವೆ, ಕೆಲವು ಹಳೆಯವು ಹೋಗುತ್ತವೆ. 2021ರಲ್ಲಿ ಹೋದ ಕೋಡ್‌ಗಳಲ್ಲಿ ಒಂದು ಎಂ 54.5, ಅಂದರೆ ಸೊಂಟನೋವು. ಡಾಕ್ಟರುಗಳು ದಿನಕ್ಕೆ ಎಷ್ಟು ಸಲ ಬಳಸುತ್ತಿದ್ದರೋ ಲೆಕ್ಕವಿಲ್ಲ. ಅದನ್ನು ಒಡೆದು ಎಂ 54.50, 54.51, 54.59 ಅಂತ ಮೂರು ಮಾಡಿದರು. ಕೆಮ್ಮಿಗಿದ್ದ ಆರ್ 05 ಕೂಡ ಅದೇ ದಿನ ಒಡೆದು ಆರು ಕೋಡ್ ಆಯಿತು.

ಪಟ್ಟಿ ಬದಲಿಸುವ ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನದು. ಆಗ ನನಗೆ ಇಪ್ಪತ್ತಾರು ವರ್ಷ, ಎಲ್ಲ ಬೇಗ ಮುಗಿಸುವ ಉತ್ಸಾಹ. ಎಂ 54.5 ಇದ್ದ ಸಾಲಿಗೇ ಹೋಗಿ ಎಂ 54.50 ಅಂತ ತಿದ್ದಿಬಿಟ್ಟೆ. ಉಳಿದೆರಡನ್ನು ಹೊಸದಾಗಿ ಸೇರಿಸಿದೆ. ಕೆಮ್ಮಿನದೂ ಹಾಗೇ. ಅಮೆರಿಕದ ಪೂರ್ವ ರಾಜ್ಯಗಳಲ್ಲಿ ಅಕ್ಟೋಬರ್ 1 ಶುರುವಾಗುವಾಗ ನಮ್ಮಲ್ಲಿ ಬೆಳಿಗ್ಗೆ ಒಂಬತ್ತೂವರೆ. ಸರಿಯಾಗಿ ಆ ಹೊತ್ತಿಗೆ ಸ್ಕ್ರಿಪ್ಟ್ ಓಡಿಸಿ, ಯಾವ ಎರರ್ ಬರಲಿಲ್ಲ ಅಂತ ಖುಷಿಯಾಗಿ ಕೆಳಗೆ ಹೋಗಿ ತಟ್ಟೆ ಇಡ್ಲಿ ತಿಂದೆ. ಅವತ್ತು ಶುಕ್ರವಾರ.

ಮಂಗಳವಾರದಿಂದ ಕ್ಲೈಮ್‌ಗಳು ವಾಪಸ್ ಬರತೊಡಗಿದವು. ಎಲ್ಲವೂ ಸೊಂಟನೋವು, ಕೆಮ್ಮು!

ಯಾಕೆ ಅಂದರೆ, ಕೋಡ್ ಸರಿಯೋ ತಪ್ಪೋ ಅಂತ ನೋಡೋದು ಕ್ಲೈಮ್ ಕಳಿಸಿದ ದಿನಾಂಕದ ಮೇಲಲ್ಲ, ರೋಗಿಯನ್ನು ನೋಡಿದ ದಿನಾಂಕದ ಮೇಲೆ. ಸೆಪ್ಟೆಂಬರ್ 28ರಂದು ಬಂದ ರೋಗಿಯ ಬಿಲ್ಲು ಅಕ್ಟೋಬರ್ 4ಕ್ಕೆ ಹೋದರೂ ಅದರಲ್ಲಿ ಹಳೇ ಎಂ 54.5 ಇರಬೇಕು. ಆ ದಿನ ಎಂ 54.50 ಅನ್ನೋದು ಹುಟ್ಟೇ ಇರಲಿಲ್ಲ. ನಾನು ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ಬರೆದಿದ್ದರಿಂದ, ಸೆಪ್ಟೆಂಬರ್ ಕೊನೆಯ ವಾರದ ಬಿಲ್ಲುಗಳೆಲ್ಲ ಇನ್ನೂ ಹುಟ್ಟದ ಕೋಡ್ ಹೊತ್ತುಕೊಂಡು ಹೋಗಿದ್ದವು.

ಅಜ್ಜಿಗೆ ಹೋದ ಕಾಗದ

ಇಷ್ಟೇ ಆಗಿದ್ದರೆ ಬರೀ ಆಫೀಸಿನ ತಲೆನೋವು. ವಾಪಸ್ ಬಂದವನ್ನು ಸರಿ ಮಾಡಿ ಮತ್ತೆ ಕಳಿಸೋದು, ಅಷ್ಟೇ. ಆದರೆ ಅದರ ಕೆಳಗೆ ಇನ್ನೊಂದು ತಪ್ಪು ಅವಿತುಕೊಂಡಿತ್ತು.

ಇನ್ಶೂರೆನ್ಸ್‌ನವರು ದುಡ್ಡು ಕೊಡಲ್ಲ ಅಂದಾಗ ಅದಕ್ಕೊಂದು ಕಾರಣದ ಕೋಡ್, ಅದರ ಜೊತೆ ಎರಡಕ್ಷರದ ಒಂದು ಗುಂಪು ಕಳಿಸುತ್ತಾರೆ. ಸಿಓ ಅಂದರೆ ಆ ಮೊತ್ತ ಡಾಕ್ಟರ ಕಡೆಯ ಜವಾಬ್ದಾರಿ, ರೋಗಿಯನ್ನು ಕೇಳುವಂತಿಲ್ಲ. ಪಿಆರ್ ಅಂದರೆ ರೋಗಿ ಕೊಡಬೇಕಾದ್ದು. ಪ್ರತಿ ಕ್ಲಿನಿಕ್ಕಿಗೂ, ಯಾವ ಕಾರಣ ಬಂದರೆ ಬಾಕಿಯನ್ನು ಯಾರ ಲೆಕ್ಕಕ್ಕೆ ಹಾಕಬೇಕು ಅಂತ ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಟೇಬಲ್ ಇತ್ತು. ಒಂದು ಸಣ್ಣ ಕ್ಲಿನಿಕ್ಕಿನ ಟೇಬಲಿನಲ್ಲಿ ಕೆಲವು ಸಾಲು ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಏನು ಮಾಡಬೇಕು? ಹಿಂದೆ ಯಾರೋ ಬರೆದ ಪ್ರೋಗ್ರಾಮ್, ಖಾಲಿ ಇದ್ದರೆ ರೋಗಿಯ ಲೆಕ್ಕಕ್ಕೆ ಹಾಕು ಅಂತ ಹೇಳುತ್ತಿತ್ತು. ಅದನ್ನು ನಾವ್ಯಾರೂ ಗಮನಿಸಿರಲಿಲ್ಲ. ಅದು ಬಾಕಿಯನ್ನು ರೋಗಿಗಳ ಹೆಸರಿಗೆ ಹಾಕಿ, ತಿಂಗಳ ಸ್ಟೇಟ್‌ಮೆಂಟ್ ಜೊತೆ ಅಂಚೆಗೂ ಕಳಿಸಿಬಿಟ್ಟಿತ್ತು.

ಆ ಕ್ಲಿನಿಕ್ಕಿನ ಮ್ಯಾನೇಜರ್ ಕಾಲ್‌ನಲ್ಲಿ ಬಂದರು. ಐವತ್ತರ ಆಸುಪಾಸಿನ ಹೆಂಗಸಿನ ದನಿ. ಬೈಯಲಿಲ್ಲ. ನಿಧಾನವಾಗಿ ಹೇಳಿದರು: ಒಬ್ಬ ಅಜ್ಜಿಗೆ 186 ಡಾಲರಿನ ಕಾಗದ ಹೋಗಿದೆ. ಮೂರು ಸಲ ಫೋನ್ ಮಾಡಿದ್ದಾರೆ. ತನ್ನ ಮೆಡಿಕೇರ್ ನಿಂತುಹೋಯಿತೇನೋ ಅಂತ ಹೆದರಿದ್ದಾರೆ. ಸೊಂಟನೋವಿಗೆ ಮುಂದಿನ ವಾರ ಇದ್ದ ಫಿಸಿಯೋಥೆರಪಿಯನ್ನೂ ಬೇಡ ಅಂದುಬಿಟ್ಟಿದ್ದಾರೆ.

ಆ ಅಜ್ಜಿಯ ಹೆಸರು ನನಗೆ ಗೊತ್ತಿಲ್ಲ. ಗೊತ್ತಾಗಲೂಬಾರದು. ರೋಗಿಗಳ ಗುಟ್ಟು ಕಾಯಲು ಹಿಪಾ ಅಂತ 1996ರ ಕಾನೂನು ಇದೆ. ನಮಗೆ ಕಾಣೋದು ಒಂದು ಅಕೌಂಟ್ ನಂಬರ್, ದಿನಾಂಕ, ಕೋಡ್, ಮೊತ್ತ. ಎರಡು ವರ್ಷ ನಾನು ನೋಡಿದ್ದು ಬರೀ ಸಾಲುಗಳನ್ನ. ಆ ಸಾಲಿನ ತುದಿಯಲ್ಲಿ ನಮ್ಮಜ್ಜಿಯಂಥ ಒಬ್ಬರು ಕಾಗದ ಕೈಯಲ್ಲಿ ಹಿಡಿದು ಕೂತಿರುತ್ತಾರೆ ಅಂತ ಅವತ್ತೇ ಮೊದಲ ಸಲ ಅನ್ನಿಸಿದ್ದು. ನಮ್ಮಜ್ಜಿಯೂ ಹಾಗೇ, ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬಂದರೆ ಮಾತ್ರೆ ತಗೊಳ್ಳೋದನ್ನೇ ಕಡಿಮೆ ಮಾಡುತ್ತಿದ್ದವರು.

ಅಪ್ಪನ ಪುಸ್ತಕ

ರಾತ್ರಿ ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಅಪ್ಪ ಕೇಳಿದರು. ಎಲ್ಲ ಹೇಳಿದೆ. ಕೋಡು, ಟೇಬಲ್ಲು ಅಂದರೆ ಅವರಿಗೆ ಗೊತ್ತಾಗಲ್ಲ ಅಂತ, "ಹಳೇ ರೇಟಿನ ಜಾಗದಲ್ಲಿ ಹೊಸ ರೇಟು ಬರೆದುಬಿಟ್ಟೆ ಅಪ್ಪ" ಅಂದೆ.

ಅಪ್ಪ ಕೈ ತೊಳೆದು ಕೆಳಗೆ ಹೋಗಿ ತಮ್ಮ ಉದ್ದನೆಯ ಸಾಲದ ಪುಸ್ತಕ ತಂದರು. ಅದರ ಹಿಂದಿನ ಹಾಳೆಗಳಲ್ಲಿ ರೇಟು ಬರೆದಿರುತ್ತಾರೆ. ತೊಗರಿಬೇಳೆ ಅಂತ ಮೇಲೆ ಬರೆದು ಕೆಳಗೆ ಸಾಲಾಗಿ ದರ, ಪಕ್ಕದಲ್ಲಿ ತಾರೀಕು. ಹಳೇ ದರದ ಮೇಲೆ ಒಂದೇ ಒಂದು ಗೆರೆ ಎಳೆದಿದ್ದಾರೆ, ಓದಲು ಬರುವ ಹಾಗೆ.

"ನೋಡು, ನಾನು ಹಳೇ ರೇಟು ಯಾವತ್ತೂ ಅಳಿಸಲ್ಲ. ಹೋದ ವಾರ ಸಾಲಕ್ಕೆ ತಗೊಂಡೋದೋನು ಇವತ್ತು ದುಡ್ಡು ಕೊಡೋಕೆ ಬಂದ್ರೆ ಹೋದ ವಾರದ ರೇಟೇ ಹಾಕಬೇಕು. ಇವತ್ತಿನ ರೇಟು ಹಾಕಿದ್ರೆ ಅವನಿಗೆ ಮೋಸ. ಅಳಿಸಿಬಿಟ್ರೆ ನಂಗೆ ಹೆಂಗೆ ಗೊತ್ತಾಗುತ್ತೆ?"

ಖಾಲಿ ಬಿಟ್ಟ ಸಾಲಿನ ವಿಷಯವನ್ನೂ ಹೇಳಿದೆ. "ಯಾರ ಲೆಕ್ಕ ಅಂತ ಗೊತ್ತಿಲ್ಲದ್ದನ್ನ ಗಿರಾಕಿ ತಲೆಗೆ ಕಟ್ತಾರೇನೋ? ಬೇರೆ ಹಾಳೇಲಿ ಬರೆದಿಟ್ಟು ಕೇಳ್ಬೇಕು" ಅಂದರು.

ನಾಲ್ಕು ವರ್ಷ ಇಂಜಿನಿಯರಿಂಗಿನಲ್ಲಿ ಡೇಟಾಬೇಸ್ ಓದಿದ್ದೇನೆ. ಪ್ರತಿ ಸಾಲಿಗೆ ಯಾವತ್ತಿನಿಂದ ಯಾವತ್ತಿನವರೆಗೆ ಅಂತ ಎರಡು ದಿನಾಂಕ ಇರಬೇಕು ಅನ್ನೋದು ಪುಸ್ತಕದಲ್ಲೂ ಇತ್ತು, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಅದು ತಲೆಗೆ ಹೋಗಿದ್ದು ಬೇಳೆ ರೇಟಿನ ಹಾಳೆ ನೋಡಿದ ಮೇಲೆ.

ಆ ವಾರ ನಿದ್ದೆಗೆಟ್ಟು ಸರಿ ಮಾಡಿದೆವು. ಹಳೇ ಕೋಡ್‌ಗಳನ್ನು ಬ್ಯಾಕಪ್‌ನಿಂದ ವಾಪಸ್ ತಂದು, ಸೆಪ್ಟೆಂಬರ್ 30ಕ್ಕೆ ಮುಗಿಯಿತು ಅಂತ ದಿನಾಂಕ ಹಾಕಿದೆವು. ಹೊಸದಕ್ಕೆ ಅಕ್ಟೋಬರ್ 1ರಿಂದ ಶುರು ಅಂತ ಹಾಕಿದೆವು. ಡಾಕ್ಟರು ಕೋಡ್ ಆರಿಸುವಾಗ ರೋಗಿಯನ್ನು ನೋಡಿದ ದಿನಾಂಕಕ್ಕೆ ಹೊಂದುವ ಕೋಡ್ ಮಾತ್ರ ಕಾಣುವ ಹಾಗೆ ಮಾಡಿದೆವು. ಟೇಬಲಿನಲ್ಲಿ ಖಾಲಿ ಸಾಲು ಸಿಕ್ಕರೆ ಬಾಕಿ ಯಾರ ಹೆಸರಿಗೂ ಹೋಗದೆ ಬೇರೆ ಪಟ್ಟಿಯಲ್ಲಿ ನಿಲ್ಲುತ್ತೆ, ಒಬ್ಬ ಮನುಷ್ಯ ನೋಡಿ ತೀರ್ಮಾನಿಸಬೇಕು. ಅಪ್ಪನ ಬೇರೆ ಹಾಳೆ ಅದೇ. ಸುಮಾರು ಇನ್ನೂರು ಕ್ಲೈಮ್ ಮತ್ತೆ ಹೋದವು. ತಪ್ಪು ಕಾಗದ ಹೋದವರಿಗೆಲ್ಲ ಕ್ಲಿನಿಕ್ಕಿನವರೇ ಫೋನ್ ಮಾಡಿ, ನೀವು ಏನೂ ಕೊಡಬೇಕಿಲ್ಲ ಅಂದರು. ಅಜ್ಜಿ ಎರಡು ವಾರ ತಡವಾಗಿ ಫಿಸಿಯೋಥೆರಪಿಗೆ ಬಂದರು ಅಂತ ಮ್ಯಾನೇಜರ್ ಮುಂದಿನ ಕಾಲ್‌ನಲ್ಲಿ ತಾವಾಗೇ ಹೇಳಿದರು. ಆ ಎರಡು ವಾರದ ನೋವು ನನ್ನ ಲೆಕ್ಕದ್ದು.

ನಮ್ಮಲ್ಲೂ ಇದೆ ಈ ಪಾಡು

ಇದು ದೂರದೇಶದ ಕಥೆ ಅಂದುಕೊಳ್ಳಬೇಡಿ. ನಮ್ಮ ಆಸ್ಪತ್ರೆಗಳು ಇನ್ಶೂರೆನ್ಸ್‌ಗೆ ತುಂಬಿ ಕೊಡುವ ಕ್ಲೈಮ್ ಫಾರಂನಲ್ಲೂ ಐಸಿಡಿ ಕೋಡಿಗೆ ಜಾಗ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಪ್ರತಿ ಚಿಕಿತ್ಸೆಗೂ ಕೋಡ್, ಅದಕ್ಕೆ ಗೊತ್ತುಪಡಿಸಿದ ದರ ಇದೆ.

ಎರಡು ವರ್ಷದ ಹಿಂದೆ ಅಮ್ಮನ ಕಣ್ಣಿನ ಪೊರೆ ಆಪರೇಷನ್ ಆಯಿತು. ಕ್ಯಾಶ್‌ಲೆಸ್ ಇದ್ದರೂ ಒಪ್ಪಿಗೆ ಬರಲಿಲ್ಲ. ಕಾರಣ ಇನಿಷಿಯಲ್. ಆಧಾರ್‌ನಲ್ಲಿ ಅಮ್ಮನ ಹೆಸರಿನ ಮುಂದೆ ಬರೀ ಒಂದಕ್ಷರ, ಪಾಲಿಸಿಯಲ್ಲಿ ಅದನ್ನು ಬಿಡಿಸಿ ಅಪ್ಪನ ಪೂರ್ತಿ ಹೆಸರು. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ಕೂತಿದ್ದ ಅಮ್ಮ, "ನಾನೇ ಕಣೋ ಅದು, ಯಾರಿಗೆ ಹೇಳ್ಬೇಕು ಹೇಳು, ಹೇಳ್ತೀನಿ" ಅಂದಳು. ಆ ಕಡೆ ಕೂತು ಆ ಹೋಲಿಕೆ ಪ್ರೋಗ್ರಾಮ್ ಬರೆದವನು ನನ್ನ ಥರದ ಒಬ್ಬ ಹುಡುಗನೇ ಇರಬೇಕು ಅಂತ ನನಗೆ ಅನ್ನಿಸಿತು.

ಕಾಗದ ಕೈಗೆ ಬಂದಾಗ

ಈ ಕೆಲಸದಲ್ಲಿ ಕಲಿತ ಕೆಲವು ವಿಷಯ ನಿಮ್ಮ ಉಪಯೋಗಕ್ಕೆ:

- ಅಮೆರಿಕದಲ್ಲಿ ಇನ್ಶೂರೆನ್ಸ್ ಕಂಪನಿ ಕಳಿಸುವ ಇಓಬಿ ಅನ್ನುವ ಕಾಗದ ಬಿಲ್ ಅಲ್ಲ, ವಿವರ ಅಷ್ಟೇ. ಡಾಕ್ಟರ ಬಿಲ್ ಬಂದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೋಗಿ ಕೊಡಬೇಕಾದ ಮೊತ್ತ ಎರಡರಲ್ಲೂ ಒಂದೇ ಇರಬೇಕು. ಇಲ್ಲದಿದ್ದರೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ.
- ಫೋನ್ ಮಾಡಿದಾಗ "ಯಾಕೆ ಕೊಡಲಿಲ್ಲ?" ಅಂತಷ್ಟೇ ಕೇಳಬೇಡಿ. ಯಾವ ಕಾರಣದ ಕೋಡ್ ಬಂದಿದೆ, ಕೋಡ್ ಸರಿ ಮಾಡಿ ಮತ್ತೆ ಕಳಿಸಬಹುದಾ ಅಂತ ಕೇಳಿ.
- ಕೆಲಸ ಬದಲಿಸಿ ಇನ್ಶೂರೆನ್ಸ್ ಬದಲಾದರೆ, ಕ್ಲಿನಿಕ್ಕಿಗೆ ಮುಂದಿನ ಸಲ ಹೋದ ಕೂಡಲೇ ಹೊಸ ಕಾರ್ಡ್ ತೋರಿಸಿ. ಹಳೇ ಕಾರ್ಡಿಗೆ ಹೋದ ಕ್ಲೈಮ್ ವಾಪಸ್ ಬರುವಷ್ಟರಲ್ಲಿ ಗಡುವು ದಾಟಿರಬಹುದು. ಮೆಡಿಕೇರ್‌ನಲ್ಲಿ ಆ ಗಡುವು ಒಂದು ವರ್ಷ, ಬೇರೆ ಕಂಪನಿಗಳಲ್ಲಿ ಇದಕ್ಕಿಂತ ಕಡಿಮೆ ಇರಬಹುದು.
- ಮಕ್ಕಳನ್ನು ನೋಡಲು ಹೋದ ಅಪ್ಪ ಅಮ್ಮಂದಿರಿಗೆ ಅಲ್ಲಿನ ಇನ್ಶೂರೆನ್ಸ್ ಇಲ್ಲದಿದ್ದರೆ, ಮೊದಲೇ ದಿನ ಗೊತ್ತುಮಾಡಿ ಹೋಗುವ ಚಿಕಿತ್ಸೆಗೆ ಖರ್ಚಿನ ಅಂದಾಜು ಬರಹದಲ್ಲಿ ಕೇಳಿ. 2022ರ ಜನವರಿಯಿಂದ ಅದನ್ನು ಕೊಡಲೇಬೇಕು. ಬಿಲ್ ಆ ಅಂದಾಜಿಗಿಂತ 400 ಡಾಲರ್ ಅಥವಾ ಅದಕ್ಕೂ ಹೆಚ್ಚು ಬಂದರೆ ಪ್ರಶ್ನಿಸುವ ಹಕ್ಕಿದೆ.
- ನಮ್ಮಲ್ಲಿ ಆಧಾರ್, ಪಾಲಿಸಿ, ಆಸ್ಪತ್ರೆ ಚೀಟಿ ಮೂರರಲ್ಲೂ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕ ಒಂದೇ ಥರ ಇದೆಯಾ ಅಂತ ಆರೋಗ್ಯವಾಗಿದ್ದಾಗಲೇ ನೋಡಿಟ್ಟುಕೊಳ್ಳಿ.
- ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಕ್ಯಾಶ್‌ಲೆಸ್ ಕೋರಿಕೆಗೆ ಇನ್ಶೂರೆನ್ಸ್‌ನವರು ಒಂದು ಗಂಟೆಯೊಳಗೆ ಉತ್ತರ ಕೊಡಬೇಕು. ಡಿಸ್ಚಾರ್ಜ್ ಹೊತ್ತಿನ ಅಂತಿಮ ಒಪ್ಪಿಗೆ ಮೂರು ಗಂಟೆಯೊಳಗೆ ಬರಬೇಕು. ಇದು ಗೊತ್ತಿದ್ದರೆ ಕೌಂಟರಿನಲ್ಲಿ ಧೈರ್ಯವಾಗಿ ಕೇಳಬಹುದು.

ಈಗ ನಾನು ಬೆಂಗಳೂರಿನಲ್ಲಿದ್ದೇನೆ. ಆಫೀಸಿಗೆ ವಾರಕ್ಕೆ ಮೂರು ದಿನ ಹೋಗುತ್ತೇನೆ. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಕೋಡ್ ಪಟ್ಟಿಯ ಕೆಲಸ ಹೇಳಿಕೊಡೋದು ನನ್ನ ಪಾಲಿಗೆ ಬಂದಿದೆ. ಅಪ್ಪನ ಪುಸ್ತಕದ ಆ ಹಾಳೆಯ ಫೋಟೋ ನನ್ನ ಮೊಬೈಲಿನಲ್ಲಿದೆ. ಮೊದಲ ದಿನ ಅವರಿಗೆ ಅದನ್ನೇ ತೋರಿಸುತ್ತೇನೆ.

ಸೆಪ್ಟೆಂಬರ್ ಕೊನೆಯ ವಾರ ಬಂತು ಅಂದರೆ ಅಪ್ಪ ಮರೆಯದೆ ಫೋನ್ ಮಾಡುತ್ತಾರೆ. ಊಟ ಆಯ್ತಾ, ಮಳೆ ಹೇಗಿದೆ ಅಂತ ಕೇಳಿ, ಕೊನೆಗೆ ಫೋನ್ ಇಡುವಾಗ, "ನಿಂದು ರೇಟು ಬದಲಾಗೋ ಟೈಮು ಬಂತಲ್ಲ? ಹಳೇದು ಅಳಿಸಬೇಡ ಮಗ" ಅನ್ನುತ್ತಾರೆ.

"ಇಲ್ಲ ಅಪ್ಪ, ಗೆರೆ ಎಳೆದು ತಾರೀಕು ಹಾಕಿದೀನಿ" ಅನ್ನುತ್ತೇನೆ.